ಹನ್ನೊಂದು ಆಟಗಳ ಕೆಳಗಿನ ಹೆಸರು

ಆ ಹನ್ನೊಂದು ವಿಡಿಯೋ ಗೇಮ್‌ಗಳಲ್ಲಿ ಒಂದನ್ನೂ ನಾನು ಮುಗಿಸಿರಲಿಲ್ಲ. ಮುಗಿಸಿದವಳು ಸೆಲ್ವಿ. ಮುಗಿಸಿದ ಮೇಲೆ ಅವು ಹೇಗಿದ್ದವು ಎಂದು ಹೇಳಿದವಳೂ ಅವಳೇ. ನಾನು ಮಾಡಿದ್ದು ಎರಡು ಕೆಲಸ — ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದೆ, ಕೆಳಗೆ ನನ್ನ ಹೆಸರು ಹಾಕಿಕೊಂಡೆ.

ಓದುವವರಿಗೆ ನಗು ಬರಬಹುದು. ಟಿ.ವಿ.ಯಲ್ಲಿ ಆಡುವ ಆಟ, ಅದರಲ್ಲೊಂದು ಕಳ್ಳತನ, ಅದನ್ನು ಮೂವತ್ತು ವರ್ಷ ಕಳೆದ ಮೇಲೆ ಒಪ್ಪಿಕೊಳ್ಳುವ ಹೆಂಗಸು! ನಾನೂ ಹಾಗೆ ನಕ್ಕು ನೋಡಿದ್ದೇನೆ. ಹಾಲು ಕರೆಯುವಾಗ, ಅಕ್ಕಿ ಆರಿಸುವಾಗ, ಅದೇನು ಮಹಾ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೆಸರಿನಿಂದ ಒಬ್ಬ ಹುಡುಗಿ ಊರು ಬಿಟ್ಟಳು. ಅಲ್ಲಿಗೆ ಬಂದರೆ ನಗು ನಿಂತುಹೋಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಹತ್ತೊಂಬತ್ತು. ನಮ್ಮೂರು ಬಂಗಾರಪೇಟೆಗೆ ಎರಡು ಮೈಲಿ. ಅಪ್ಪ ನಾಲ್ಕು ಸೀಮೆಹಸು ಕಟ್ಟಿಕೊಂಡು ಪೇಟೆಯ ಮನೆಗಳಿಗೆ ಹಾಲು ಹಾಕುತ್ತಿದ್ದರು. ಪಿ.ಯು.ಸಿ. ಫೇಲಾಗಿದ್ದ ನನ್ನನ್ನು, ಗಂಡು ಗೊತ್ತಾಗುವವರೆಗೆ ಸುಮ್ಮನೆ ಕೂತಿರುವುದು ಬೇಡವೆಂದು ಇಂಗ್ಲಿಷ್ ಟೈಪಿಂಗ್‌ಗೆ ಸೇರಿಸಿದ್ದರು. ಸ್ಟೇಷನ್ನಿನ ಹತ್ತಿರ ಒಂದು ಮಹಡಿ ಕಟ್ಟಡ. ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್, ಕೆಳಗೆ ಚಲಪತಣ್ಣನ ವಿಡಿಯೋ ಕ್ಯಾಸೆಟ್ ಅಂಗಡಿ.

ಸೆಲ್ವಿ ಚಿನ್ನದ ಗಣಿಯ ಊರಿಗಾಂನಿಂದ ರೈಲಿನಲ್ಲಿ ಬರುತ್ತಿದ್ದಳು. ಗಣಿ ಕಾರ್ಮಿಕರ ಲೈನ್ ಮನೆಯ ಹುಡುಗಿ. ಅವಳಪ್ಪ ಇಪ್ಪತ್ತು ವರ್ಷ ಭೂಮಿಯ ಕೆಳಗೆ ದುಡಿದು, ಎದೆಯೊಳಗೆ ಧೂಳು ತುಂಬಿಕೊಂಡು ಮನೆ ಸೇರಿದ್ದರು. ಟೈಪಿಂಗ್ ಮೆಷಿನ್ನುಗಳ ಮುಂದೆ ನಾವಿಬ್ಬರೂ ಅಕ್ಕಪಕ್ಕ. ನಾನು ಒಂದು ಸಾಲು ಹೊಡೆಯುವಷ್ಟರಲ್ಲಿ ಅವಳು ಮೂರು ಸಾಲು ಮುಗಿಸಿ ನನ್ನ ಹಾಳೆಯನ್ನು ಇಣುಕಿ, "ಮಂಜು, ನೀನು ಟೈಪ್ ಮಾಡ್ತಿದಿಯಾ, ಸಾಸಿವೆ ಹುಡುಕ್ತಿದಿಯಾ?" ಎನ್ನುವಳು. ನಾವು ಅರ್ಧ ಕನ್ನಡ, ಅರ್ಧ ತಮಿಳಲ್ಲಿ ಮಾತಾಡುತ್ತಿದ್ದೆವು, ಜಗಳಕ್ಕೆ ತೆಲುಗು. ಅವಳು ಓದಿದ್ದು ತಮಿಳು ಮೀಡಿಯಂ. ಕನ್ನಡ ನಾಲಿಗೆಯ ಮೇಲೆ ಓಡುತ್ತಿತ್ತು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಶಾಲೆಯಲ್ಲಿ ಕನ್ನಡದ ಮೇಷ್ಟ್ರು ಬಂದ ದಿನಕ್ಕಿಂತ ಬಾರದ ದಿನವೇ ಹೆಚ್ಚಂತೆ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನ್ನ ತಪ್ಪೆಲ್ಲ ನಿಂತಿರುವುದು ಇದರ ಮೇಲೆ.

ಆ ವರ್ಷ ಚಲಪತಣ್ಣ ಅಂಗಡಿಗೆ ಟಿ.ವಿ. ಗೇಮ್ ತಂದರು. ಬೂದು ಬಣ್ಣದ ಒಂದು ಪೆಟ್ಟಿಗೆ, ವೈರಿನ ತುದಿಗೆ ಎರಡು ರಿಮೋಟು, ಒಂದು ರಟ್ಟಿನ ಡಬ್ಬದ ತುಂಬ ಹಳದಿ ಕ್ಯಾಸೆಟ್ಟುಗಳು. ಸಂಜೆಯಾದರೆ ಹುಡುಗರು ಗಂಟೆಯ ಲೆಕ್ಕದಲ್ಲಿ ಆಡಲು ಮುತ್ತಿಕೊಳ್ಳುತ್ತಿದ್ದರು. ಯಾವ ಆಟ ಹೇಗಿದೆ ಎಂದು ಕೇಳಿದರೆ ಚಲಪತಣ್ಣನಿಗೆ ಒಂದೂ ಗೊತ್ತಿಲ್ಲ. ಅದಕ್ಕೆ ಅವರೊಂದು ಕಟ್ಟಳೆ ಮಾಡಿದರು. ಯಾರು ಒಂದು ಆಟವನ್ನು ಕೊನೆಯವರೆಗೆ ಮುಗಿಸುತ್ತಾರೋ ಅವರು ಅಲ್ಲಿಟ್ಟಿರುವ ದಪ್ಪ ಪುಸ್ತಕದಲ್ಲಿ ಅದು ಹೇಗಿತ್ತು, ಎಲ್ಲಿ ಕಷ್ಟ, ಕೊನೆಯಲ್ಲಿ ಏನು ಬರುತ್ತದೆ ಎಂದು ಬರೆದು ಹೆಸರು ಹಾಕಬೇಕು. ಉಳಿದವರು ಅದನ್ನು ಓದಿ ಆಟ ಆರಿಸಿಕೊಳ್ಳುವರು. ಹುಡುಗರು ಬರೆಯುತ್ತಿದ್ದದ್ದು ಒಂದೇ — "ಸೂಪರ್. ಫುಲ್ ಫೈಟಿಂಗ್."

ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಕ್ಲಾಸು ಮುಗಿಯುತ್ತಿತ್ತು. ಸೆಲ್ವಿಯ ರೈಲು ಮೂರರ ಮೇಲೆ. ಚಲಪತಣ್ಣನ ಮನೆಗೆ ನಮ್ಮ ಹಾಲು ಹೋಗುತ್ತಿದ್ದದ್ದರಿಂದ ನಾನು ಅವರಿಗೆ ಗುರುತಿನವಳು. "ಮಂಜುಳಾ, ಊಟಕ್ಕೋಗಿ ಬತ್ತೀನಿ, ಅಂಗ್ಡಿ ಕಡೆ ಒಂಚೂರು ನೋಡ್ತಿರಮ್ಮ" ಎಂದು ಷಟರ್ ಅರ್ಧ ಎಳೆದು ಹೋಗುವರು. ಆ ಒಂದೂವರೆ ಗಂಟೆ ಪೆಟ್ಟಿಗೆ ನಮ್ಮದು. ನಾನು ಮೊದಲ ದಿನವೇ ಮೂರು ಸಲ ಸತ್ತು ರಿಮೋಟು ಕೆಳಗಿಟ್ಟೆ. ಸೆಲ್ವಿ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಚಕ್ಕಳಮಕ್ಕಳ ಹಾಕಿ ಕೂತು — ಅವಳು ಆಡುವುದನ್ನು ಹೇಗೆ ಹೇಳಲಿ. ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಹೆಬ್ಬೆರಳು ಎರಡು ಮಾತ್ರ ಬೇರೆ ಯಾರದ್ದೋ ಎಂಬಂತೆ ಓಡುತ್ತಿದ್ದವು. ಎಂಟನೆಯ ದಿನ ಒಂದು ಆಟ ಮುಗಿಸಿದಳು.

ಅದು ನೆಲ ಅಗೆಯುತ್ತ ಕೆಳಗೆ ಇಳಿಯುವವನ ಆಟ. ಮುಗಿದ ಮೇಲೆ ಸೆಲ್ವಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ಬರ್ಕೋ ಮಂಜು" ಎಂದು ಹೇಳತೊಡಗಿದಳು. ನಾನು ಬರೆದೆ. ಇವತ್ತಿಗೂ ಬಾಯಿಪಾಠವಿದೆ:

"ಇವನು ಇಳಿಯುತ್ತಲೇ ಇರುತ್ತಾನೆ. ತಲೆಯ ಮೇಲೆ ದೀಪವಿಲ್ಲ. ಮೇಲೆ ಗಂಟೆ ಹೊಡೆದು ಎಳೆದುಕೊಳ್ಳುವವರಿಲ್ಲ. ಇಳಿಸಿದವರು ಯಾರು ಎಂದು ಆಟ ಹೇಳುವುದಿಲ್ಲ. ಆರನೆಯ ಸ್ಟೇಜಿನಲ್ಲಿ ಬಂಡೆ ಬೀಳುವ ಮುಂಚೆ ಸದ್ದು ಬರುತ್ತದೆ, ಆಗ ಓಡಬೇಡಿ, ಗೋಡೆಗೆ ಒತ್ತಿ ನಿಲ್ಲಿ. ಕೊನೆಗೆ ಚಿನ್ನ ಸಿಗುತ್ತದೆ. ಆಟ ಮುಗಿಯಿತು ಎಂದು ಬರುತ್ತದೆ. ಹೇಗೆ ಮುಗಿಯಿತು? ಅವನಿನ್ನೂ ಕೆಳಗೇ ಇದ್ದಾನೆ."

ಬರೆದು ಮುಗಿಸಿ, ಪರೀಕ್ಷೆಯ ಹಾಳೆಗೆ ಹಾಕುವ ಅಭ್ಯಾಸದಲ್ಲೋ ಏನೋ, ಕೆಳಗೆ 'ಮಂಜುಳ' ಎಂದು ಬರೆದುಬಿಟ್ಟೆ. ಹೊಡೆದುಹಾಕಬೇಕು ಎಂದುಕೊಂಡೆ — ನಿಜವಾಗಿಯೂ ಅಂದುಕೊಂಡೆ. ಅಷ್ಟರಲ್ಲಿ ಅವಳು, "ಏನ್ ಬರ್ದೆ, ಓದು" ಎಂದಳು. ಓದಿದೆ. ಕೊನೆಗೆ ನನ್ನ ಹೆಸರಿನ ಕೆಳಗೆ ಬೆರಳಿಟ್ಟು, "ಸೆಲ್ವಿ, ಊರಿಗಾಂ" ಎಂದು ಓದಿದೆ.

ಅಲ್ಲಿಯವರೆಗೆ ಅದು ಕೈತಪ್ಪು. ಆ ಬೆರಳು ಇಟ್ಟ ಮೇಲೆ ಅಲ್ಲ.

ಅವಳು ಬಗ್ಗಿ ಆ ಅಕ್ಷರಗಳನ್ನು ನೋಡಿದಳು. "ಕನ್ನಡದಲ್ಲಿ ನನ್ ಹೆಸ್ರು ದುಂಡಗೆ ಚೆನ್ನಾಗಿದೆ ಇಲ್ಲ?" ಎಂದಳು.

ಆಮೇಲಾದರೂ ಯಾಕೆ ತಿದ್ದಲಿಲ್ಲ? ಮರುದಿನ ಸಂಜೆ ಹುಡುಗರು ಅದನ್ನು ಓದಿ, ಪೇಟೆಯ ಮನೆಗಳಿಗೆ ಹಾಲು ಹಾಕಲು ಬಂದಿದ್ದ ನನ್ನನ್ನು ನೋಡಿ ದಾರಿ ಬಿಟ್ಟು ನಿಂತರು. ಪಿ.ಯು.ಸಿ. ಫೇಲಾದವಳೆಂದು ನೆಂಟರಿಷ್ಟರ ಬಾಯಲ್ಲೆಲ್ಲ ಬಿದ್ದಿದ್ದವಳಿಗೆ ಯಾರೋ ದಾರಿ ಬಿಟ್ಟು ನಿಂತದ್ದು ಅದೇ ಮೊದಲು. ಇದು ಕಾರಣ. ನೆಪ ಅಲ್ಲ — ನೆಪವೆಂದು ಓದಬೇಡಿ.

ಹಾಗೆ ಎರಡನೆಯದಾಯಿತು, ಐದನೆಯದಾಯಿತು. ಏಳು ಕೋಟೆ ದಾಟಿ ಒಬ್ಬ ಹುಡುಗಿಯನ್ನು ಬಿಡಿಸಿ ತರುವ ಆಟಕ್ಕೆ ಸೆಲ್ವಿ ಹೇಳಿದ್ದು, "ಕೊನೆಗೆ ಆ ಹುಡುಗಿ ಬಾಗಿಲಲ್ಲಿ ನಿಂತು ನಗುತ್ತಾಳೆ. ಇಷ್ಟು ದಿನ ಅಲ್ಲಿ ಏನು ತಿಂದಳು ಎಂದು ಬಂದವನು ಕೇಳುವುದೇ ಇಲ್ಲ." ಕಾರ್ ರೇಸಿಗೆ, "ಎಷ್ಟು ಓಡಿಸಿದರೂ ಹೊರಟ ಜಾಗಕ್ಕೇ ಬರುತ್ತದೆ. ಮನೆಯಲ್ಲಿ ಬೈಸಿಕೊಂಡ ದಿನ ಆಡಬೇಡಿ." ನಾನು ಬರೆಯುತ್ತಿದ್ದೆ, ಓದಿ ಹೇಳುತ್ತಿದ್ದೆ, ಪ್ರತಿ ಸಲವೂ ಬೆರಳಿಟ್ಟು ಇಲ್ಲದ ಹೆಸರನ್ನು ಓದುತ್ತಿದ್ದೆ. ಒಂದು ದಿನ ನೋಡುತ್ತೇನೆ — ಟೈಪಿಂಗ್ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಅವಳು ಕನ್ನಡ ತಿದ್ದುತ್ತಿದ್ದಾಳೆ. ತನ್ನ ಹೆಸರು ಕಲಿಯುತ್ತಿದ್ದಾಳೆ. ಮಂಜುಳ, ಮಂಜುಳ, ಮಂಜುಳ — ಹಾಳೆ ತುಂಬ. "ಸರಿ ಇದೆಯಾ?" ಎಂದು ಕೇಳಿದಳು. ನಾನು, "ಕೊನೇದು ಇನ್ನೊಂಚೂರು ದುಂಡಗೆ" ಎಂದೆ.

ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ಒಲೆಯ ಮೇಲಿನ ಹಾಲು ಇಳಿಸಿ ಬಂದೆ. ಹಾಲು ಉಕ್ಕುವ ಹೊತ್ತಾಗಿರಲಿಲ್ಲ.

ಹನ್ನೊಂದನೆಯ ಆಟ ಮುಗಿದ ವಾರದಲ್ಲಿ ಚಲಪತಣ್ಣ ಊರಿಗಾಂನಲ್ಲಿ ಇನ್ನೊಂದು ಅಂಗಡಿ ತೆಗೆಯುವ ಸುದ್ದಿ ಹಬ್ಬಿತು. ಕೂತು ನೋಡಿಕೊಳ್ಳಲು ಆಟ ಬಲ್ಲವರೊಬ್ಬರು ಬೇಕು. ಸೆಲ್ವಿಗೆ ಅದೆಷ್ಟು ಅವಶ್ಯ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಡಿಯಾಚೆ ಆಂಬೂರಿನ ಶೂ ಫ್ಯಾಕ್ಟರಿಯಲ್ಲಿ ಅವಳ ಚಿತ್ತಿ, ಎಂದರೆ ಚಿಕ್ಕಮ್ಮ, ಕೆಲಸಕ್ಕಿದ್ದಳು. ಸೆಲ್ವಿಯನ್ನೂ ಅಲ್ಲಿಗೆ ಕಳಿಸಬೇಕೆಂದು ಮನೆಯಲ್ಲಿ ಮಾತಾಗಿತ್ತು. ಊರಲ್ಲೇ ಕೆಲಸ ಸಿಕ್ಕರೆ ಉಳಿಯಬಹುದು, ಟೈಪಿಂಗ್ ಪರೀಕ್ಷೆ ಕಟ್ಟಬಹುದು. ಅಪ್ಪನ ಹತ್ತಿರ ಇರಬಹುದು — ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅವರು ಕೆಮ್ಮುವಾಗ ಯಾವ ಕಡೆ ಒರಗಿಸಿದರೆ ಹಗುರ ಎಂದು ಮಾತ್ರ ಹೇಳುತ್ತಿದ್ದಳು. "ಅಣ್ಣನ್ನ ಕೇಳ್ತೀನಿ. ಪುಸ್ತಕದಲ್ಲಿ ನನ್ ಹೆಸ್ರೇ ಇದೆಯಲ್ಲ" ಎಂದಳು.

ಆ ರಾತ್ರಿಯೋ ಮರುದಿನವೋ ನಾನು ಹೇಳಬಹುದಿತ್ತು. ಮೂರು ದಿನ ಇತ್ತು ನನ್ನ ಕೈಯಲ್ಲಿ. ಮೂರು ದಿನವೂ ಹಸುಗಳಿಗೆ ಹುಲ್ಲು ಹಾಕಿದೆ, ಅಂಗಳ ಗುಡಿಸಿದೆ, ಹೇಳಲಿಲ್ಲ.

ನಾಲ್ಕನೆಯ ದಿನ ಚಲಪತಣ್ಣ ಊಟ ಮುಗಿಸಿ ಬಂದಾಗ ಸೆಲ್ವಿ ಎದ್ದು ನಿಂತಳು. "ಅಣ್ಣಾ, ಊರಿಗಾಂ ಅಂಗ್ಡಿ ನನಗೆ ಕೊಡಿ. ಎಲ್ಲಾ ಆಟ ಮುಗಿಸಿದೀನಿ. ಬೇಕಿದ್ರೆ ಪುಸ್ತಕ ನೋಡಿ."

ಅವರು ನಕ್ಕರು. "ನೀನ್ಯಾವಾಗ ಮುಗಿಸ್ದಮ್ಮ? ಬರ್ದಿರೋಳು ನಮ್ ಮಂಜುಳಾ ಅಲ್ವಾ?"

"ಬರ್ದಿದ್ದು ಅವಳು ಅಣ್ಣಾ. ಆಡಿದ್ದು, ಹೇಳಿದ್ದು ನಾನು. ಓದಿ ನೋಡಿ, ಕೆಳಗೆ ನನ್ ಹೆಸ್ರಿದೆ."

ಅವರು ಪುಸ್ತಕ ತೆಗೆದು ಆ ನೆಲ ಅಗೆಯುವವನ ಪುಟವನ್ನೇ ಗಟ್ಟಿಯಾಗಿ ಓದಿದರು. ತನ್ನ ಮಾತು ಒಂದೊಂದಾಗಿ ಬರುತ್ತಿದ್ದಂತೆ ಸೆಲ್ವಿ ತಲೆಯಾಡಿಸುತ್ತ, ನನ್ನ ಕಡೆ ನೋಡಿ ನಗುತ್ತ ನಿಂತಿದ್ದಳು. "ಅವನಿನ್ನೂ ಕೆಳಗೇ ಇದ್ದಾನೆ" — ಅಲ್ಲಿಗೆ ನಿಲ್ಲಿಸಿ ಅವರು, "ಮಂಜುಳ" ಎಂದರು. ಹಾಳೆ ತಿರುಗಿಸಿದರು. "ಇಲ್ಲೂ ಮಂಜುಳ. ಇಲ್ಲೂ ಅದೇ. ನೀನೆಲ್ಲಿದ್ದೀಯಮ್ಮ ಇದ್ರಾಗೆ?" ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮ, ಯಾರು ಆಡಿದ್ದು?" ಎಂದು ಕೇಳಿದರು.

ನಾನು ಹೇಳಿದೆ: "ಅವಳು ಪಕ್ಕದಲ್ಲಿ ನೋಡ್ಕೊಂಡ್ ಕೂತಿರ್ತಿದ್ಲು ಅಣ್ಣ."

ಇಷ್ಟೇ. ನನ್ನ ಆಯಸ್ಸಿನಲ್ಲಿ ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ಸಲೀಸಾಗಿ ಬಂದದ್ದು ಇನ್ನೊಂದಿಲ್ಲ. ಹಾಗೆ ಕೂತಿರುತ್ತಿದ್ದವಳು ನಾನು. ಅವಳನ್ನು ಎತ್ತಿ ನನ್ನ ಜಾಗದಲ್ಲಿ ಕೂರಿಸಿದೆ.

ನನ್ನ ಮಾತನ್ನೇ ನಂಬುತ್ತಾರೆ ಎಂದೂ ನನಗೆ ಗೊತ್ತಿತ್ತು. ನಾನು ಹಾಲಿನ ನಾರಾಯಣಪ್ಪನ ಮಗಳು, ಅವಳು ಲೈನಿನವಳು. ನಮ್ಮ ಮನೆಗೆ ಒಮ್ಮೆ ಬಂದಾಗ ಅಮ್ಮ ಅವಳಿಗೆ ಕಾಫಿ ಕೊಟ್ಟ ಲೋಟ ಜಗುಲಿಯ ಮೂಲೆಯಲ್ಲೇ ಉಳಿದಿತ್ತು. ಅದನ್ನು ನೋಡಿಯೂ ನೋಡದಂತೆ ಇದ್ದವಳು ನಾನು. ಬಂಡೆ ಬೀಳುವ ಮುಂಚಿನ ಸದ್ದನ್ನು, ಗೋಡೆಗೆ ಒತ್ತಿ ನಿಲ್ಲುವುದನ್ನು ಹಾಲಿನವರ ಮನೆಯ ಹುಡುಗಿ ಎಲ್ಲಿ ಕಂಡಾಳು ಎಂದು ಚಲಪತಣ್ಣ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಆದರೆ ಅದು ಅವರ ತಪ್ಪು ಎಂದು ನಾನು ಹೇಳುವ ಹಾಗಿಲ್ಲ.

ಸೆಲ್ವಿ ಕೂಗಾಡಲಿಲ್ಲ. ಪುಸ್ತಕವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ತಾನು ಹಾಳೆಗಟ್ಟಲೆ ತಿದ್ದಿದ್ದ ಆ ಮೂರು ಅಕ್ಷರಗಳನ್ನು ಒಮ್ಮೆ ನೋಡಿದಳು. ಪೆಟ್ಟಿಗೆ ಅಲ್ಲೇ ಇತ್ತು. ರಿಮೋಟು ಹಿಡಿದು ಎರಡು ನಿಮಿಷ ಆಡಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಯಾಕೆ ಆಡಲಿಲ್ಲ — ಇದನ್ನು ಎಷ್ಟೋ ವರ್ಷ ನಾನು ಅವಳ ಮೇಲಿನ ದೂರಾಗಿ ಇಟ್ಟುಕೊಂಡಿದ್ದೆ. ನೀನಾದರೂ ಆಡಬಾರದಿತ್ತೇನೇ, ಎಂದು. ಈಗ ತಿಳಿಯುತ್ತದೆ. ಸಾಬೀತು ಮಾಡಬೇಕಾದದ್ದು ಚಲಪತಣ್ಣನಿಗೆ. ಅವಳು ನೋಡುತ್ತಿದ್ದದ್ದು ನನ್ನನ್ನು.

"ಚೆನ್ನಾಗಿ ಬರ್ದಿದೀಯ ಮಂಜು" ಎಂದಳು. ಪುಸ್ತಕ ಮೇಜಿನ ಮೇಲಿಟ್ಟಳು. ಅರ್ಧ ಷಟರಿನ ಕೆಳಗೆ ಬಗ್ಗಿ ಹೊರಟುಹೋದಳು. ಆಮೇಲೆ ಟೈಪಿಂಗ್‌ಗೂ ಬರಲಿಲ್ಲ.

ಕೆಲಸ ನನಗೇ ಎಂದರು ಚಲಪತಣ್ಣ. ಅಪ್ಪನಿಗೆ ಹೇಳಿದರೆ ಉರಿದುಬಿದ್ದರು. "ಮಗಳ್ನ ಅಂಗ್ಡೀಲಿ ಕೂರ್ಸಿ ಬದುಕೋ ಗತಿ ನಮಗ್ಯಾಕೆ ಬಂತಮ್ಮ? ಗಂಡಿನ ಕಡೆಯೋರು ಬರೋ ಹೊತ್ನಾಗೆ ಇದೊಂದು ಬ್ಯಾರೆ. ಓಗು, ಅಸೂಗೆ ನೀರಿಕ್ಕು." ಅಲ್ಲಿಗೆ ಮುಗಿಯಿತು. ಊರಿಗಾಂ ಅಂಗಡಿಯಲ್ಲಿ ಚಲಪತಣ್ಣನ ಬಾಮೈದ ಕೂತ. ಸೆಲ್ವಿಯ ಬಾಯಿಂದ ಕಿತ್ತ ತುತ್ತು ನನ್ನ ಬಾಯಿಗೂ ಬರಲಿಲ್ಲ — ನೆಲಕ್ಕೆ ಬಿತ್ತು. ಪುಸ್ತಕದಲ್ಲಿ ನನ್ನ ಹೆಸರಿನ ಹನ್ನೆರಡನೆಯ ಪುಟ ಬರಲಿಲ್ಲ. ಯಾಕೆ ನಿಲ್ಲಿಸಿದಿರಿ ಎಂದು ಹುಡುಗರು ಕೇಳಿದರೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆ.

ಇನ್ನೂ ಒಂದಿದೆ. ನನ್ನ ನಿಶ್ಚಿತಾರ್ಥವಾದ ಮೇಲೆ ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಸೆಲ್ವಿಯ ತಾಯಿ ಸಿಕ್ಕರು. ಆಂಬೂರಿಗೆ ಹೋಗಿ ಮಗಳನ್ನು ನೋಡಿ ಬಂದು ಊರಿಗಾಂಗೆ ಹೋಗುವ ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದರು. ನನ್ನ ಕೆನ್ನೆ ಸವರಿ, "ಕಣ್ಣು, ನೀನ್ ಅಲ್ಲೇ ಇದ್ದೆ ಇಲ್ಲ? ಆ ಅಂಗ್ಡಿಕಾರ ನಮ್ ಪಾಪಾನ ಯಾಕ್ ಬೇಡ ಅಂದ? ಅವ್ಳು ಏನಾದ್ರೂ ತಪ್ ಮಾಡಿದ್ಲಾ? ಕೇಳಿದ್ರೆ ಬಾಯೇ ಬಿಡಲ್ಲ. ದಿನಾ ಅಂಟಿನ ವಾಸ್ನೆಗೆ ತಲೆನೋವು ಅಂತಾಳೆ" ಎಂದರು. ಅವಳು ನನ್ನ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ತಾಯಿಗೂ ಹೇಳಿರಲಿಲ್ಲ. ನಾನು, "ಗೊತ್ತಿಲ್ಲಮ್ಮ" ಎಂದೆ. ಅವರು ರೈಲು ಹತ್ತುವಾಗ ಚೀಲ ಎತ್ತಿಕೊಟ್ಟೆ — ಉಪಕಾರ ಮಾಡಿದವಳ ಹಾಗೆ.

ಮದುವೆಯಾಯಿತು, ಹಸು ಕರು ಡೈರಿ ಎಂದು ದಿನಗಳು ಹೋದವು. ಆದರೆ ಸುಳ್ಳು ಹೋಗಲಿಲ್ಲ. ನಮ್ಮ ಹುಡುಗಿ ಬರೆದದ್ದನ್ನು ಪೇಟೆಯವರೆಲ್ಲ ಓದುತ್ತಾರೆ ಎಂದು ಅಪ್ಪ ಗಂಡಿನ ಕಡೆಯವರ ಮುಂದೆ ಹೇಳಿಕೊಂಡಿದ್ದರು, ಗಂಡ ಅದನ್ನು ಮಗಳಿಗೆ ಹೇಳಿದರು. ಮಗಳು ಕಾವ್ಯ ಈಗ ಕೋಲಾರದಲ್ಲಿ ಡಿಗ್ರಿ ಓದುತ್ತಾಳೆ; ಫೋನಿನಲ್ಲಿ ಯಾವುದಾದರೂ ಆಟ ಮುಗಿಸಿದರೆ ಅದು ಹೇಗಿತ್ತೆಂದು ಮಾತಾಡಿ ಗೆಳತಿಯರಿಗೆ ಕಳಿಸುವುದು ಅವಳ ರೂಢಿ. ಹೋದ ತಿಂಗಳು ಫೋನು ನನ್ನ ಮುಖದ ಮುಂದೆ ಹಿಡಿದು, "ಅಮ್ಮ, ನಿನ್ ಕಾಲದ ಒಂದ್ ಗೇಮ್ ಬಗ್ಗೆ ಹೇಳು, ಎಲ್ರೂ ಕೇಳ್ತಿದಾರೆ" ಎಂದಳು. ಬಾಯಿ ತೆರೆದೆ. "ಇವನು ಇಳಿಯುತ್ತಲೇ ಇರುತ್ತಾನೆ" — ಸೆಲ್ವಿಯೇ ಬಂದಳು, ಮೊದಲಿಂದ ಕೊನೆಯವರೆಗೆ. ಕಾವ್ಯಳ ಕಣ್ಣು ಅರಳಿತು. "ಅಮ್ಮಾ, ಎಷ್ಟ್ ಚೆನ್ನಾಗ್ ಹೇಳ್ತೀಯ!"

ಆ ಹೊಗಳಿಕೆಯನ್ನು ಇನ್ನೊಂದು ಸಲ ನುಂಗಲು ಆಗಲಿಲ್ಲ. ಅದನ್ನು ಕಳಿಸಬೇಡ ಎಂದೆ. ಕೂತು ಎಲ್ಲ ಹೇಳಿದೆ, ನನ್ನ ಹೆಸರನ್ನು ಅವಳದೆಂದು ತಿದ್ದಿಸಿದ್ದನ್ನೂ ಬಿಡದೆ.

ಅವಳು ಫೋನು ಕೆಳಗಿಟ್ಟಳು. "ಹನ್ನೊಂದ್ರಲ್ಲಿ ಒಂದಾದ್ರೂ ನೀನು?" ಎಂದಳು.

"ಒಂದೂ ಇಲ್ಲ."

"ಅಲ್ಲಮ್ಮ, ತಾನು ಹೇಳಿದ್ದು ಚೆನ್ನಾಗಿತ್ತು ಅಂತ ಆವಮ್ಮನಿಗೆ ಯಾರಾದ್ರೂ ಹೇಳಿದ್ರಾ?"

ಕೆಲಸ, ಊರು, ಪರೀಕ್ಷೆ — ಇವನ್ನು ಅವಳು ಕಳೆದುಕೊಂಡದ್ದು ನನಗೆ ಗೊತ್ತಿತ್ತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಂದ ಹೊಗಳಿಕೆಯೆಲ್ಲ ಸಂಜೆ ಬರುತ್ತಿತ್ತು; ಅವಳ ರೈಲು ಅಷ್ಟರಲ್ಲಿ ಹೋಗಿರುತ್ತಿತ್ತು. ಒಂದು ಮಾತೂ ಅವಳ ಕಿವಿಗೆ ಬಿದ್ದಿಲ್ಲ. ನಾನು ಬೀಳಗೊಡಲಿಲ್ಲ.

ಊರಿಗಾಂಗೆ ಹೋಗಿ ವಿಚಾರಿಸಿದೆ. ಅವಳಪ್ಪ, ಅಮ್ಮ ಇಬ್ಬರೂ ಇಲ್ಲ. ಪಕ್ಕದ ಮನೆಯಾಕೆ ಆಂಬೂರಿನ ಬೀದಿಯ ಹೆಸರು ಹೇಳಿದರು. ಸೆಲ್ವಿ ಈಗಲೂ ಅಲ್ಲೇ, ಅದೇ ಕೆಲಸದಲ್ಲಿ. ಕಾಗದ ಬರೆಯಬಹುದಿತ್ತು. ಬರೆದರೆ ಮತ್ತೆ ಕನ್ನಡದಲ್ಲಿ, ಅವಳು ಇನ್ನೊಬ್ಬರ ಕೈಯಲ್ಲಿ ಓದಿಸಬೇಕು. ಅದು ಬೇಡ. ಇದನ್ನೂ, ನೀವು ಓದುತ್ತಿರುವ ಇದನ್ನೂ, ಅವಳು ಓದಲಾರಳು. ಆದ್ದರಿಂದ ಇದನ್ನು ಬರೆದೆನೆಂದು ನನಗೆ ಸಮಾಧಾನವೇನೂ ಇಲ್ಲ.

ಭಾನುವಾರ ಬೆಳಗಿನ ರೈಲಿಗೆ ಹೊರಡುತ್ತೇನೆ. ಕಾವ್ಯಳನ್ನು ಕರೆದೆ. "ನಾನ್ ಬರಲ್ಲ, ನಂಗೆ ನಾಚ್ಕೆ ಆಗುತ್ತೆ" ಎಂದಳು. ಸರಿಯೇ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳಿಗೆ ಇನ್ನೊಂದು ಕೆಲಸ ಕೊಟ್ಟಂತೆ. ಬಾಗಿಲು ಹಾಕಿಕೊಂಡರೆ ಹಿಂದಿರುಗುತ್ತೇನೆ. ಹಾಕಿಕೊಳ್ಳದಿದ್ದರೆ ಅವಳಿಗೆ ಸೇರಬೇಕಾದದ್ದನ್ನು ಹೇಳುತ್ತೇನೆ. ಪೋಸ್ಟಾಫೀಸಿನ ಗುಮಾಸ್ತರು ಒಬ್ಬರು, ಒಂದು ದಿನವೂ ಆಟ ಆಡದವರು, ಆ ಪುಸ್ತಕ ಓದುವುದಕ್ಕೆಂದೇ ಅಂಗಡಿಗೆ ಬರುತ್ತಿದ್ದರು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಮುನಿರಾಜು, "ಗೋಡೆಗೆ ಒತ್ತಿ ನಿಂತೆ, ಬದುಕ್ಕೊಂಡೆ ಅಕ್ಕ" ಎಂದು ಕುಣಿದಿದ್ದ. ಚಲಪತಣ್ಣನ ಹೆಂಡತಿ, ಕೋಟೆಯ ಹುಡುಗಿ ಏನು ತಿಂದಳೆಂಬ ಮಾತನ್ನು ಗಂಡನ ಬಾಯಲ್ಲಿ ಕೇಳಿ, ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಅತ್ತಿದ್ದರಂತೆ. ಹೆಸರು ಗೊತ್ತಿಲ್ಲದ ಒಬ್ಬ ಗಣಿಯವರು ಆ ಇಳಿಯುವವನ ಪುಟವನ್ನು ಎರಡು ಸಲ ಓದಿಸಿಕೊಂಡು ಕೇಳಿ, ಪುಸ್ತಕಕ್ಕೆ ಕೈಮುಗಿದು ಹೋಗಿದ್ದರು.

ಒಂದೂ ಮರೆತಿಲ್ಲ. ಎಲ್ಲವೂ ನನಗೇ ಎಂದು ಜೋಪಾನ ಮಾಡಿಟ್ಟಿದ್ದೆ.